ಹನ್ನೊಂದು ಗಂಟೆಯ ಡಬ್ಬ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಕಳೆದ ಮಂಗಳವಾರ ಶಾಲೆಯಲ್ಲಿ ನಡೆದದ್ದು ಇಷ್ಟರಲ್ಲಿ ನಿಮಗೆಲ್ಲ ಗೊತ್ತಾಗಿರುತ್ತದೆ. ನಾಲ್ಕನೇ ತರಗತಿಯ ಐದು ಮಕ್ಕಳ ಬ್ಯಾಗಿನಲ್ಲಿದ್ದ ಚಿಪ್ಸ್, ಕುರುಕಲು ಪ್ಯಾಕೆಟ್‌ಗಳನ್ನು ತೆಗೆದು ಟೀಚರ್ ಮೇಜಿನ ಮೇಲೆ ಇಟ್ಟರು. ಸಂಜೆ ಬೆಲ್ ಆದ ಮೇಲೆ ವಾಪಸ್ ಕೊಟ್ಟರು. ಅದರಲ್ಲಿ ಒಬ್ಬಳು ಹುಡುಗಿ ಮಧ್ಯಾಹ್ನದ ತನಕ ತಲೆ ಎತ್ತಲಿಲ್ಲ. ಮರುದಿನ ಅವಳ ಅಮ್ಮ ಕೆಲಸಕ್ಕೆ ಹೋಗುವ ದಾರಿಯಲ್ಲಿ, ಒದ್ದೆ ಕೊಡೆ ಕೈಯಲ್ಲಿ ಹಿಡಿದುಕೊಂಡೇ ನನ್ನ ಕೋಣೆಗೆ ಬಂದರು. "ಟೀಚರ್, ನನ್ನ ಮಗಳು ಕದ್ದು ತಂದದ್ದಲ್ಲ. ನಾನೇ ಕೊಟ್ಟು ಕಳಿಸಿದ್ದು" ಎಂದರು.

ಅವರು ಹೇಳಿದ್ದು ಸರಿ. ಎಲ್ಲರ ಎದುರು ಮಗುವಿನ ತಿಂಡಿ ತೆಗೆದಿಟ್ಟದ್ದು ತಪ್ಪು. ಆ ತಾಯಿಯ ಹತ್ತಿರ, ಆ ಹುಡುಗಿಯ ಹತ್ತಿರ ಕ್ಷಮೆ ಕೇಳಿದ್ದೇನೆ. ಉಳಿದ ನಾಲ್ಕು ಮನೆಯವರ ಹತ್ತಿರ ಇಲ್ಲಿ ಕೇಳುತ್ತಿದ್ದೇನೆ. ಟೀಚರನ್ನು ದೂರಬೇಡಿ. "ಪ್ಯಾಕೆಟ್ ಒಳಗೆ ಬಿಡಬೇಡಿ" ಎಂದು ಮೀಟಿಂಗಿನಲ್ಲಿ ಹೇಳಿದ್ದು ನಾನು. ಹೇಗೆ ಬಿಡಬಾರದು ಎಂದು ಹೇಳಿರಲಿಲ್ಲ. ಇನ್ನು ಮುಂದೆ ಯಾವ ಮಗುವಿನ ಬ್ಯಾಗಿಗೂ ಕೈ ಹಾಕುವುದಿಲ್ಲ. ಪ್ಯಾಕೆಟ್ ಕಂಡರೆ ಡೈರಿಯಲ್ಲಿ ನಿಮಗೆ ಒಂದು ಸಾಲು ಬರೆಯುತ್ತೇವೆ, ಅಷ್ಟೆ.

ಆದರೆ ಹನ್ನೊಂದು ಗಂಟೆಯ ತಿಂಡಿಗೆ ಪ್ಯಾಕೆಟ್ ಬೇಡ, ಮನೆತಿಂಡಿಯೂ ಸ್ವಲ್ಪವೇ ಇರಲಿ ಎನ್ನುವ ನಿಯಮ ಇರುತ್ತದೆ. ಅದನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ.

ಪ್ಯಾಕೆಟ್ ಬೇಡ ಎನ್ನುವುದಕ್ಕೆ ನಿಮ್ಮಲ್ಲಿ ಹೆಚ್ಚಿನವರ ತಕರಾರಿಲ್ಲ ಎಂದು ನನಗೆ ಗೊತ್ತು. ಉಪ್ಪು, ಸಕ್ಕರೆ, ಎಣ್ಣೆ ಜಾಸ್ತಿ ಇರುವ ತಿಂಡಿಯನ್ನು ಶಾಲೆಯೊಳಗೆ ಮಾತ್ರವಲ್ಲ, ಗೇಟಿನಿಂದ 50 ಮೀಟರ್ ಒಳಗೆ ಎಲ್ಲೂ ಮಾರಬಾರದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2020ರಲ್ಲೇ ನಿಯಮ ಮಾಡಿದೆ. ಅದು ಅಂಗಡಿಯವರಿಗೆ. ಮನೆಯಿಂದ ಬರುವ ಬ್ಯಾಗಿಗೆ ಅಂಥ ಕಾನೂನು ಇಲ್ಲ, ಇರಬೇಕಾಗಿಯೂ ಇಲ್ಲ. ಅಲ್ಲಿ ನಾವು ನಿಮ್ಮನ್ನು ಕೇಳಿಕೊಳ್ಳಬೇಕು.

ನಿಮಗೆ ನಿಜವಾಗಿ ಬೇಸರ ಆಗಿರುವುದು ಎರಡನೇ ಮಾತಿಗೆ. ಡಬ್ಬದಲ್ಲಿ ತಿಂಡಿ ಸ್ವಲ್ಪವೇ ಇರಲಿ ಎಂದೆವಲ್ಲ, ಅದಕ್ಕೆ. "ಮಕ್ಕಳ ಹೊಟ್ಟೆಗೂ ಅಳತೆಯಾ?" ಎಂದು ಒಬ್ಬರು ಕೇಳಿದರು. "ಮನೆಯದ್ದೇ ಕೊಡಿ ಅಂತೀರಿ, ಕೊಟ್ಟರೆ ಜಾಸ್ತಿ ಆಯ್ತು ಅಂತೀರಿ" ಎಂದರು ಇನ್ನೊಬ್ಬರು. ಮಕ್ಕಳು ಉಣ್ಣುವುದನ್ನು ಅಳೆಯಬಾರದು ಎಂದು ನನ್ನ ಅಜ್ಜಿಯೂ ಹೇಳುತ್ತಿದ್ದರು. ಆ ಮಾತಿನ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಹಾಗಾಗಿ ಈ ಒಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಎರಡನೇ ತರಗತಿಯ ಒಬ್ಬ ಹುಡುಗ ದೊಡ್ಡ ಸ್ಟೀಲ್ ಡಬ್ಬ ತರುತ್ತಾನೆ. ಹೋದ ವಾರ ಅದರಲ್ಲಿ ಬಾಳೆಹಣ್ಣು ಕಲಸಿ ಎಣ್ಣೆಯಲ್ಲಿ ಕರಿದ ಮೂರು ಬನ್ಸ್ ಇತ್ತು. ಮನೆಯಲ್ಲೇ ಮಾಡಿದ್ದು, ಜೀರಿಗೆ ಹಾಕಿದ್ದು, ಘಮ ಬರುತ್ತಿತ್ತು. ಮೊದಲನೆಯದನ್ನು ಖುಷಿಯಲ್ಲಿ ತಿಂದ. ಎರಡನೆಯದನ್ನು ನಿಧಾನಕ್ಕೆ ತಿಂದ. ಮೂರನೆಯದನ್ನು ಕೈಯಲ್ಲಿ ಹಿಡಿದು ಅಂಚಿನಿಂದ ಚೂರು ಚೂರು ಮುರಿಯುತ್ತಾ ಕೂತಿದ್ದ. "ಸಾಕಾದರೆ ಬಿಡು ಮಗಾ" ಎಂದೆ. "ಇಲ್ಲ ಟೀಚರ್, ಡಬ್ಬ ಖಾಲಿ ಆಗದಿದ್ರೆ ಅಮ್ಮ ಬೈತಾರೆ" ಎಂದ. ಒಂದು ಗಂಟೆಗೆ ಬಿಸಿಯೂಟಕ್ಕೆ ಕೂತಾಗ ಅವನೇ ಸಾಂಬಾರಿನ ಬೀನ್ಸ್ ತುಂಡುಗಳನ್ನು ತಟ್ಟೆಯ ಒಂದು ಬದಿಗೆ ಸರಿಸಿ, ನಾಲ್ಕು ತುತ್ತು ಅನ್ನ ಉಂಡು ಎದ್ದ. ಉಳಿದದ್ದು ಬಕೆಟಿಗೆ ಹೋಯಿತು.

ಆ ಬಕೆಟನ್ನು ನಾನು ದಿನಾ ನೋಡುತ್ತೇನೆ. ಅದರಲ್ಲಿ ಅನ್ನ ಇದೆ, ಬೇಳೆ ಇದೆ, ತರಕಾರಿ ಇದೆ. ಬೆಳೆಯುವ ಮಗುವಿಗೆ ಬೇಕಾದ್ದೇ ಅವು. ಅಡುಗೆಯವರು ಬೆಳಿಗ್ಗೆಯಿಂದ ಒಲೆ ಮುಂದೆ ನಿಂತು ಮಾಡಿದ್ದು ಹಾಗೆ ಹೋಗುವುದನ್ನು ನೋಡಲಿಕ್ಕೆ ಆಗುವುದಿಲ್ಲ. ಪ್ಯಾಕೆಟ್ ತಿಂದ ಮಗುವೂ ಊಟ ಬಿಡುತ್ತದೆ. ಮೂರು ಬನ್ಸ್ ತಿಂದ ಮಗುವೂ ಊಟ ಬಿಡುತ್ತದೆ. ಅದಕ್ಕೇ ಎರಡನ್ನೂ ಹೇಳಿದ್ದು.

ಸಮಯ ನೋಡಿ. ಮಗು ಎಂಟು ಗಂಟೆ ಹೊತ್ತಿಗೆ ಮನೆಯಲ್ಲಿ ತಿಂಡಿ ತಿಂದಿರುತ್ತದೆ. ಬೆಳಿಗ್ಗೆ ಶಾಲೆಯಲ್ಲಿ ಸರ್ಕಾರದ ಕ್ಷೀರಭಾಗ್ಯ ಯೋಜನೆಯ ಹಾಲು ಕುಡಿಯುತ್ತದೆ. ಒಂದು ಗಂಟೆಗೆ ಬಿಸಿಯೂಟ, ಮೊಟ್ಟೆ ಕೊಡುವ ದಿನ ಮೊಟ್ಟೆ ಅಥವಾ ಬಾಳೆಹಣ್ಣು. ಹನ್ನೊಂದರ ತಿಂಡಿ ಈ ಎರಡು ಹೊತ್ತಿನ ನಡುವಿನ ಸಂಕದ, ಅಂದರೆ ಕಾಲುಸೇತುವೆಯ ಹಾಗೆ. ದಾಟಿಸುವಷ್ಟು ಇದ್ದರೆ ಸಾಕು.

ಹಾಗಾದರೆ ಎಷ್ಟು? ಗ್ರಾಂ ಲೆಕ್ಕ, ತಕ್ಕಡಿ ಯಾವುದೂ ಬೇಡ. ನಿಮ್ಮ ಮಗುವಿನ ಒಂದು ಬೊಗಸೆ ಸಾಕು. ನಿಮ್ಮ ಬೊಗಸೆ ಅಲ್ಲ, ಮಗುವಿನದ್ದು. ಒಂದನೇ ತರಗತಿಯ ಮಗುವಿನ ಬೊಗಸೆಗೆ ಕಡಲೆ ಉಸ್ಲಿ ತುಂಬಿಸಿ ನೋಡಿದೆ. ಒಂದು ಸಣ್ಣ ಚಾ ಲೋಟದಷ್ಟು ಬಂತು. ಏಳನೇ ತರಗತಿಯ ಹುಡುಗನದ್ದು ಅದಕ್ಕಿಂತ ಎಷ್ಟೋ ದೊಡ್ಡದು. ಅವನಿಗೆ ಅಷ್ಟು ಬೇಕು ಕೂಡ. ಮಗು ದೊಡ್ಡದಾದ ಹಾಗೆ ಅಳತೆಯೂ ತಾನಾಗಿ ದೊಡ್ಡದಾಗುತ್ತದೆ. ಮಗುವಿನ ಕೈಯಿಂದಲೇ ತುಂಬಿಸಿ ಡಬ್ಬಕ್ಕೆ ಹಾಕಿಸಿ. ತಾನೇ ಹಾಕಿಕೊಂಡದ್ದನ್ನು ಮಕ್ಕಳು ಬಿಡುವುದು ಕಡಿಮೆ.

ಯಾರನ್ನೂ ಉಪವಾಸ ಕೂರಿಸುವ ಯೋಚನೆ ನಮಗಿಲ್ಲ. ಬಿಸಿಯೂಟದಲ್ಲಿ ಎರಡನೇ ಸಲ ಕೇಳಿದರೆ ಬಡಿಸುತ್ತಾರೆ, ಮೂರನೇ ಸಲವೂ ಬಡಿಸುತ್ತಾರೆ. ದೂರದಿಂದ ಬೇಗ ಹೊರಡುವ ಮಕ್ಕಳಿದ್ದಾರೆ. ಬೆಳಿಗ್ಗೆ ಬರೀ ಚಾ ಬಿಸ್ಕತ್ ತಿಂದು ಬರುವವರಿದ್ದಾರೆ. ಅಂಥ ಮಗುವಿಗೆ ಹನ್ನೊಂದಕ್ಕೆ ಒಂದು ಬೊಗಸೆ ಸಾಲುವುದಿಲ್ಲ. ಆ ಮಾತನ್ನು ಟೀಚರ್ ಹತ್ತಿರ ಹೇಳಿ, ಎರಡು ಬೊಗಸೆ ಹಾಕಿ ಕಳಿಸಿ. ಯಾರೂ ಕೇಳುವುದಿಲ್ಲ. ವೈದ್ಯರು ಬೇರೆ ಏನಾದರೂ ಹೇಳಿದ್ದರೆ ಅವರು ಹೇಳಿದ ಹಾಗೆಯೇ ಆಗಲಿ. ಉಳಿದವರಿಗೆ, ದಯವಿಟ್ಟು, ಒಂದು ಬೊಗಸೆ.

ಇನ್ನು ಖರ್ಚಿನ ವಿಷಯ. ಇದು ಜುಲೈ ತಿಂಗಳು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳು ಮಲ್ಪೆ ಬಂದರಿನಲ್ಲಿ ಕಟ್ಟಿಕೊಂಡೇ ಇರುತ್ತವೆ. ನಮ್ಮ ಅರ್ಧದಷ್ಟು ಮನೆಗಳಲ್ಲಿ ಈ ಎರಡು ತಿಂಗಳು ಕೈ ಎಷ್ಟು ಬಿಗಿ ಎಂದು ನನಗೆ ಗೊತ್ತು. "ಆರೋಗ್ಯದ ತಿಂಡಿ ಅಂದ್ರೆ ಬಾದಾಮಿ, ಪಿಸ್ತಾ ತಾನೇ, ನಮ್ಮಿಂದ ಆಗ್ಲಿಕ್ಕಿಲ್ಲ" ಎಂದು ಒಬ್ಬರು ಅಪ್ಪ ಹೇಳಿದರು. ಬಾದಾಮಿ ಯಾರೂ ಕೇಳಿಲ್ಲ. ಕಡಲೆ ಸಾಕು.

ಲೆಕ್ಕ ಹೇಳುತ್ತೇನೆ. ಹತ್ತು ರೂಪಾಯಿಯ ಚಿಪ್ಸ್ ಪ್ಯಾಕೆಟ್ ಹಿಂದೆ ತೂಕ ಓದಿ. ಹೆಚ್ಚಿನದರಲ್ಲಿ 20ರಿಂದ 30 ಗ್ರಾಂ ಇರುತ್ತದೆ, ಉಳಿದದ್ದು ಗಾಳಿ. ಕಪ್ಪು ಕಡಲೆ ಕಿಲೋಗೆ ಸುಮಾರು 100 ರೂಪಾಯಿ ಎಂದುಕೊಳ್ಳಿ. ಒಂದು ಸಣ್ಣ ಮಗುವಿಗೆ ಒಣ ಕಡಲೆ 25 ಗ್ರಾಂ ಧಾರಾಳ. ನೆನೆದು ಬೆಂದಾಗ ಅದು ದುಪ್ಪಟ್ಟಾಗುತ್ತದೆ. ಒಂದು ಕಿಲೋದಲ್ಲಿ 40 ಡಬ್ಬ. ಅಂದರೆ ಎರಡೂವರೆ ರೂಪಾಯಿ. ಒಗ್ಗರಣೆ, ಗ್ಯಾಸ್ ಎಲ್ಲ ಸೇರಿಸಿ ನಾಲ್ಕು ಎನ್ನಿ. ಮನೆಯಲ್ಲಿ ಇಬ್ಬರು ಮಕ್ಕಳಿದ್ದು, ತಿಂಗಳಿಗೆ 24 ದಿನ ಶಾಲೆ ಇದ್ದರೆ ಪ್ಯಾಕೆಟಿಗೆ 480 ರೂಪಾಯಿ ಹೋಗುತ್ತದೆ. ಕಡಲೆಗೆ 200 ಕೂಡ ಆಗುವುದಿಲ್ಲ.

ಪುರುಸೊತ್ತು ಎಲ್ಲಿದೆ ಎಂದು ನೀವು ಕೇಳುವುದು ನ್ಯಾಯವೇ. ಆರೂವರೆಗೆ ಗೇರುಬೀಜ ಫ್ಯಾಕ್ಟರಿಯ ಗಾಡಿ ಹತ್ತುವ ತಾಯಂದಿರು ನಮ್ಮಲ್ಲಿದ್ದಾರೆ. ನಾನೂ ಇಬ್ಬರು ಮಕ್ಕಳನ್ನು ಎಬ್ಬಿಸಿ, ಕಳಿಸಿ, ಬಸ್ಸಿಗೆ ಓಡಿದವಳೇ. ಬೆಳಿಗ್ಗೆ ಆಗುವಂಥದ್ದನ್ನೇ ಹೇಳುತ್ತೇನೆ.

ಕಡಲೆಯನ್ನು ರಾತ್ರಿ ಊಟದ ಪಾತ್ರೆ ತೊಳೆಯುವಾಗ ನೆನೆಸಿಡಿ. ಬೆಳಿಗ್ಗೆ ನೀರು ಬದಲಿಸಿ, ಸ್ವಲ್ಪ ಉಪ್ಪು ಹಾಕಿ, ಕುಕ್ಕರಿನಲ್ಲಿ ನಾಲ್ಕೈದು ಸೀಟಿ. ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ. ಫ್ರಿಜ್ ಇಲ್ಲದ ಮನೆಯಲ್ಲಿ ರಾತ್ರಿಯೇ ಬೇಯಿಸಿ ಇಡಬೇಡಿ, ಈ ಮಳೆಗೆ ಬೆಳಗಾಗುವಾಗ ಹಳಸಿರುತ್ತದೆ. ಬಿಸಿ ಇರುವಾಗಲೇ ಮುಚ್ಚಳ ಹಾಕುವುದೂ ಬೇಡ. ಹಬೆ ನೀರಾಗಿ ತಳ ಅಂಟಂಟಾಗುತ್ತದೆ. ತಟ್ಟೆಯಲ್ಲಿ ಹರಡಿ, ಮಗುವಿಗೆ ಜಡೆ ಹಾಕುವಷ್ಟು ಹೊತ್ತು ಆರಲಿ. ಮಳೆಗಾಲದಲ್ಲಿ ಉಸ್ಲಿಗೆ ಕಾಯಿತುರಿ ಬೇಡ, ಅಥವಾ ಪೂರ್ತಿ ಆರಿದ ಮೇಲೆ ಒಂದು ಚಿಟಿಕೆ ಸಾಕು. ಹೆಸರುಕಾಳು ಇನ್ನೂ ಸುಲಭ, ಬೇಗ ಬೇಯುತ್ತದೆ. ಅದು ಬೆಂದು ಮುದ್ದೆ ಆಗುವ ಮೊದಲೇ ಒಲೆ ಆರಿಸಬೇಕು.

ಅದೂ ಆಗುವುದಿಲ್ಲವಾ? ತೆಳು ಅವಲಕ್ಕಿಗೆ ಬೆಲ್ಲ, ಕಾಯಿತುರಿ ಹಾಕಿ ಕೈಯಲ್ಲಿ ಹಿಸುಕಿ ಕೊಡಿ, ಒಲೆಯೇ ಬೇಡ. ಬೆಳಗ್ಗಿನ ತಿಂಡಿಗೆ ಪುಂಡಿ (ಅಕ್ಕಿಯ ಉಂಡೆಕಡುಬು) ಮಾಡಿದ್ದರೆ ಅದರಲ್ಲೇ ಎರಡು. ಕುಚ್ಚಲಕ್ಕಿ ಗಂಜಿ ಬೇಯುವ ಒಲೆಯ ಪಕ್ಕದಲ್ಲಿ ಒಂದು ಗೆಣಸು. ಈಗ ಹಲಸಿನ ಬೀಜದ ಕಾಲ, ಯಾವ ಮನೆಯಲ್ಲಿ ಇಲ್ಲ ಹೇಳಿ? ಉಪ್ಪು ಹಾಕಿ ಬೇಯಿಸಿ, ಸಿಪ್ಪೆ ಸುಲಿದು ಆರೇಳು ಕೊಟ್ಟರೆ ಊಟದ ತನಕ ಮಗು ಗಟ್ಟಿಯಾಗಿರುತ್ತದೆ. ಅದಕ್ಕೆ ಖರ್ಚೇ ಇಲ್ಲ. ಹಿತ್ತಿಲಿನ ಪೇರಳೆ, ಪಪ್ಪಾಯಿ, ಒಂದು ಕದಳಿ ಬಾಳೆಹಣ್ಣು, ಉದ್ದಕ್ಕೆ ಕತ್ತರಿಸಿದ ಮುಳ್ಳುಸೌತೆ. ಒಂದು ಹಿಡಿ ಹುರಿದ ನೆಲಗಡಲೆ, ಒಂದು ತುಂಡು ಬೆಲ್ಲ. ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಮಾತ್ರ ಇಡೀ ನೆಲಗಡಲೆ ಕೊಡಬೇಡಿ, ಗಂಟಲಿಗೆ ಸಿಕ್ಕಿಬೀಳುತ್ತದೆ. ಪುಡಿ ಮಾಡಿ ಅವಲಕ್ಕಿಗೆ ಕಲಸಿ. ನೆಲಗಡಲೆ ಆಗದ ಮಕ್ಕಳ ಹೆಸರನ್ನು ತರಗತಿ ಟೀಚರ್ ಹತ್ತಿರ ಬರೆಸಿ.

ಬನ್ಸ್, ಗೋಳಿಬಜೆಗೆ ನಿಷೇಧ ಹಾಕಿಲ್ಲ. ನಮ್ಮ ಊರಿನ ಮಕ್ಕಳು ಅದನ್ನು ತಿನ್ನದೆ ಬೆಳೆಯಲಿ ಎನ್ನಲು ನನಗೂ ಮನಸ್ಸಿಲ್ಲ. ವಾರಕ್ಕೊಮ್ಮೆ ಇರಲಿ. ಆ ದಿನವೂ ಅಳತೆ ಅದೇ, ಬನ್ಸ್ ಆದರೆ ಒಂದು. ಮೊಟ್ಟೆ ತಿನ್ನುವ ಮನೆಯವರು ಬೇಯಿಸಿದ ಮೊಟ್ಟೆ ಕಳಿಸಬಹುದು. ಈ ಬಗ್ಗೆ ಇಬ್ಬರು ಮೂವರು ಆಕ್ಷೇಪ ಹೇಳಿದ್ದೀರಿ. ಒಬ್ಬರ ಡಬ್ಬದಲ್ಲಿ ಏನಿದೆ ಎಂದು ಇನ್ನೊಬ್ಬರು ಮೂಗು ಮುಚ್ಚುವುದನ್ನು ನಾವು ಶಾಲೆಯಲ್ಲಿ ಒಪ್ಪುವುದಿಲ್ಲ.

ಜ್ಯೂಸ್ ಪ್ಯಾಕೆಟ್, ಕೋಲಾ ಬೇಡ. 250 ಎಂಎಲ್ ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ, ಐದಾರು ಚಮಚ. ನಿಮ್ಮ ಚಾಕ್ಕೆ ನೀವು ಅಷ್ಟು ಹಾಕುತ್ತೀರಾ? ಕುದಿಸಿ ಆರಿಸಿದ ನೀರು ಕಳಿಸಿ.

ಇನ್ನೊಂದು ಮಾತನ್ನು ಒಬ್ಬರು ತಾಯಿ ಸ್ವಲ್ಪ ಸಂಕೋಚದಿಂದ ಹೇಳಿದರು. ಮಗಳಿಗೆ ಗೆಣಸು ಕೊಟ್ಟು ಕಳಿಸಿದರೆ ಡಬ್ಬ ತೆರೆಯದೆ ವಾಪಸ್ ತರುತ್ತಾಳಂತೆ. ಪಕ್ಕದವಳ ಹತ್ತಿರ ಬಣ್ಣದ ಪ್ಯಾಕೆಟ್ ಇರುವಾಗ ತನ್ನ ಗೆಣಸು ತೆಗೆಯಲಿಕ್ಕೆ ನಾಚಿಕೆಯಂತೆ. ಈ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಪ್ಯಾಕೆಟ್ ಯಾರಿಗೂ ಬೇಡ ಎಂದು ನಾನು ಹಟ ಹಿಡಿದಿರುವುದಕ್ಕೆ ಇದೂ ಒಂದು ಕಾರಣ. ಕೆಲವರಿಗೆ ಬಿಟ್ಟು ಕೆಲವರಿಗೆ ಬೇಡ ಎಂದರೆ ಆ ಗೆಣಸು ಬ್ಯಾಗಿನಲ್ಲೇ ಉಳಿಯುತ್ತದೆ. ಸೋಮವಾರದಿಂದ ಎಲ್ಲ ಟೀಚರ್‌ಗಳೂ ಹನ್ನೊಂದು ಗಂಟೆಗೆ ಸ್ಟಾಫ್ ರೂಮಿಗೆ ಹೋಗದೆ ಮಕ್ಕಳ ಜೊತೆ ಕೂತು ತಮ್ಮ ಡಬ್ಬ ತೆರೆಯುತ್ತಾರೆ. ನಾನು ದಿನಕ್ಕೊಂದು ತರಗತಿಯಲ್ಲಿ ಇರುತ್ತೇನೆ. ಮೊದಲ ದಿನ ನಾಲ್ಕನೇ ತರಗತಿ. ನನ್ನ ಡಬ್ಬದಲ್ಲಿ ಗೆಣಸು ಇರುತ್ತದೆ.

ನಾವು ಕೇಳುವುದು ಇಷ್ಟೇ: ಸೋಮವಾರದಿಂದ ಮಗುವಿನ ಒಂದು ಬೊಗಸೆಯಷ್ಟು ಮನೆತಿಂಡಿ ಅಥವಾ ಹಣ್ಣು ಕಳಿಸಿ, ಪ್ಯಾಕೆಟ್ ಬೇಡ.

ಡಬ್ಬ ಅರ್ಧ ಖಾಲಿಯಾಗಿ ವಾಪಸ್ ಬಂದರೆ ಒಂದು ವಾರ ಬೈಯಬೇಡಿ. ಮಾತಾಡಬೇಕು ಎನಿಸಿದವರು ಯಾವುದೇ ಗುರುವಾರ ಮೂರರಿಂದ ನಾಲ್ಕರ ನಡುವೆ ಬನ್ನಿ. ಕೆಲಸ ಬಿಟ್ಟು ಬರಲಾಗದವರು ಡೈರಿಯಲ್ಲಿ ಎರಡು ಸಾಲು ಬರೆದರೆ ನಾನೇ ಫೋನ್ ಮಾಡುತ್ತೇನೆ. ಚಿಕ್ಕ ಡಬ್ಬ ಇಲ್ಲದವರು ಇದಕ್ಕಾಗಿ ಹೊಸದು ಕೊಳ್ಳುವುದು ಬೇಡ. ಇರುವ ದೊಡ್ಡ ಡಬ್ಬದಲ್ಲೇ ಒಂದು ಬೊಗಸೆ ಹಾಕಿ ಕಳಿಸಿ.

ಪ್ರೀತಿಯಿಂದ,
ಮುಖ್ಯ ಶಿಕ್ಷಕಿ