ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ಹೆಡ್‌ಸೆಟ್ ಬಂತು, ಪಕ್ಕದಲ್ಲಿ ಕೂರುವವರು ಎಲ್ಲಿ?

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಕರ್ನಾಟಕ ಸರ್ಕಾರ

ನಮಸ್ಕಾರ.

ಇದು ಐದನೆಯ ಪತ್ರ. ಹಿಂದಿನ ನಾಲ್ಕಕ್ಕೂ ಬಂದದ್ದು ಒಂದೇ ಉತ್ತರ: ‘ಸೂಕ್ತ ಕ್ರಮಕ್ಕಾಗಿ ಕಳುಹಿಸಲಾಗಿದೆ’. ಆ ಸೂಕ್ತ ಕ್ರಮ ಯಾವ ಮೇಜಿನ ಮೇಲೆ ಮಲಗಿದೆಯೋ, ಅದಕ್ಕೇ ಈ ಸಲ ಊರೆಲ್ಲ ಓದಲಿ ಎಂದು ಬರೆಯುತ್ತಿದ್ದೇವೆ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 18 ಮತ್ತು 31ನೇ ಕಲಂಗಳನ್ನು (ಮಾನಸಿಕ ಚಿಕಿತ್ಸೆ ಪಡೆಯುವ ಹಕ್ಕು, ಅದಕ್ಕೆ ಬೇಕಾದ ಸಿಬ್ಬಂದಿಯನ್ನು ತಯಾರು ಮಾಡುವ ಸರ್ಕಾರದ ಹೊಣೆ) ತಮಗೆ ನಾವು ಓದಿಹೇಳಬೇಕಿಲ್ಲ. ಕೇಳುತ್ತಿರುವುದು ಇಷ್ಟು: ಖಿನ್ನತೆಯನ್ನು ತಾವೇ ಉಂಡು, ಚೇತರಿಸಿಕೊಂಡು, ತರಬೇತಿ ಪಡೆದ ಪೀರ್ ಬೆಂಬಲಿಗರನ್ನು ಸಂಬಳ ಕೊಟ್ಟು ನೇಮಿಸಿ. ಆಮೇಲೆ ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡರೆ ಬೇರೊಂದು ಜಾಗದಲ್ಲೇ ಇದ್ದಂತೆ ತೋರಿಸುವ ಯಂತ್ರ) ಕೊಳ್ಳಿ. ಇದೇ ಕ್ರಮದಲ್ಲಿ.

ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಒಂದು ಜಿಲ್ಲಾ ಆಸ್ಪತ್ರೆ ತೋರಿಸಿಕೊಟ್ಟಿದೆ. ನಾಲ್ಕು ಹೆಡ್‌ಸೆಟ್ ಬಂದವು. ರಿಬ್ಬನ್ ಕತ್ತರಿಸಿದ್ದಾಯಿತು, ಗಣ್ಯರು ಹಾಕಿಕೊಂಡು ಫೋಟೊ ತೆಗೆಸಿಕೊಂಡದ್ದಾಯಿತು. ಬಳಿಕ ಎರಡನ್ನು ಕಿಟಕಿ ಪಕ್ಕದ ಮೇಜಿನ ಮೇಲೆ, ಲೆನ್ಸ್ ಮೇಲ್ಮುಖವಾಗಿ ಇಟ್ಟು ಎಲ್ಲರೂ ಊಟಕ್ಕೆ ಹೋದರು. ಆ ಲೆನ್ಸು ಭೂತಗನ್ನಡಿಯೇ ಸರಿ. ಬಿಸಿಲನ್ನು ಒಂದು ಚುಕ್ಕೆಗೆ ಕೂಡಿಸಿ ಒಳಗಿನ ಪರದೆಯನ್ನು ಸುಡಲು ಅದಕ್ಕೆ ಕೆಲವು ನಿಮಿಷ ಸಾಕು. ಎರಡೂ ಹೋದವು. ಉಳಿದೆರಡು ಅಲ್ಮೇರಾ ಸೇರಿದವು. ಸುಟ್ಟದ್ದಕ್ಕೆ ವಿವರಣೆ ಕೇಳಿ ಮೆಮೊ ಹೋದದ್ದು ಯಾರಿಗೆ ಗೊತ್ತೆ? ಬಿಡಿಗಾಸು ಗೌರವಧನವಿಲ್ಲದೆ ಬರುತ್ತಿದ್ದ ಪೀರ್ ಬೆಂಬಲಿಗರಿಗೆ! ಸಂಬಳದ ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಶಿಸ್ತುಕ್ರಮದ ಪಟ್ಟಿಯಲ್ಲಿ ಹುಡುಕಿ ಸೇರಿಸಿದ ಚುರುಕುತನಕ್ಕೆ ನಮ್ಮ ಅಭಿನಂದನೆ.

ಹೆಡ್‌ಸೆಟ್ ಬೇಡ ಎನ್ನುತ್ತಿಲ್ಲ, ಸ್ವಾಮಿ. ಮನಸ್ಸು ಸರಿಹೋದ ಮೇಲೆ ಸಂತೆಗೆ ಹೋದರಾಯಿತು ಎಂದು ಖಿನ್ನತೆಯವರು ಕಾಯುತ್ತಾರೆ, ಮನಸ್ಸು ಸರಿಹೋಗುವುದೇ ಇಲ್ಲ. ಮೊದಲು ಕಾಲು ಹೋಗಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಬಿಹೇವಿಯರಲ್ ಆ್ಯಕ್ಟಿವೇಶನ್ ಎಂಬುದರ ತಿರುಳು ಇದು. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರೇ ಕೊಟ್ಟು ಫಲ ಕಂಡದ್ದು 2017ರಲ್ಲೇ ಪ್ರಕಟವಾಗಿದೆ. ಮನೆಯ ಹೊಸಿಲು ದಾಟಲಾಗದವರಿಗೆ ಆ ಮೊದಲ ಹೆಜ್ಜೆಯ ತಾಲೀಮಿಗೆ ವಿಆರ್ ಒದಗುತ್ತದೆ. ಇಂಗ್ಲೆಂಡಿನ ಗೇಮ್‌ಚೇಂಜ್ ಪ್ರಯೋಗದಲ್ಲಿ, ಅದು ಖಿನ್ನತೆಗಲ್ಲ, ಸೈಕೋಸಿಸ್ (ವಾಸ್ತವದ ಹಿಡಿತ ತಪ್ಪುವ ಕಾಯಿಲೆ) ಇದ್ದು ಹೊರಬರಲು ಹೆದರುವ 346 ಮಂದಿಯೊಂದಿಗೆ ನಡೆದದ್ದು, ಬಸ್ಸು, ಅಂಗಡಿ, ಕೆಫೆಗಳನ್ನು ತೋರಿಸುವ ಹೆಡ್‌ಸೆಟ್ ಇತ್ತು. ಕೋಣೆಯಲ್ಲಿ ಜೊತೆಗಿದ್ದ ಸಿಬ್ಬಂದಿಯಲ್ಲಿ ಪೀರ್ ಬೆಂಬಲಿಗರೂ ಇದ್ದರು. ನಮ್ಮವರು ಆ ವರದಿಯಲ್ಲಿ ಹೆಡ್‌ಸೆಟ್ ಅಷ್ಟನ್ನೇ ಓದಿಕೊಂಡಂತಿದೆ.

ಕೋಣೆಯಲ್ಲಿ ಏನೇನು ಎಡವಟ್ಟಾಗುತ್ತದೆ ಎಂದು ಟೆಂಡರ್ ಬರೆದವರಿಗೆ ಗೊತ್ತಿದ್ದಂತಿಲ್ಲ. ಅರ್ಧ ಕಿಲೋ ತೂಕದ ಯಂತ್ರದ ಪಟ್ಟಿ ತುರುಬಿನ ಮೇಲೆ ಕೂರುವುದಿಲ್ಲ, ಜಾರಿದ ತಕ್ಷಣ ಚಿತ್ರ ಮಸುಕು. ಹಣೆಯ ವಿಭೂತಿ, ಕುಂಕುಮ, ತಲೆಯ ಎಣ್ಣೆ ಲೆನ್ಸಿಗೆ ಮೆತ್ತುತ್ತವೆ. ಸ್ಯಾನಿಟೈಸರ್ ಹಾಕಿ ಉಜ್ಜಿದರೆ ಲೆನ್ಸಿನ ಲೇಪನವೇ ಕಿತ್ತುಬರುತ್ತದೆ. ಮುಖಕ್ಕೆ ತಾಗುವ ಸಿಲಿಕೋನ್ ಪಟ್ಟಿಗೆ ಮಾತ್ರ ಸ್ಪಿರಿಟ್, ಲೆನ್ಸಿಗೆ ಒಣ ಮೈಕ್ರೋಫೈಬರ್ ಬಟ್ಟೆ. ಕಣ್ಣುಗಳ ನಡುವಿನ ಅಂತರಕ್ಕೆ ಲೆನ್ಸ್ ಹೊಂದಿಸದಿದ್ದರೆ ಹತ್ತೇ ನಿಮಿಷದಲ್ಲಿ ತಲೆನೋವು. ಇನ್ನು ವಾಕರಿಕೆ: ಕಣ್ಣು ‘ನಡೆಯುತ್ತಿದ್ದೇನೆ’ ಎನ್ನುತ್ತದೆ, ಒಳಕಿವಿ ‘ಕೂತಿದ್ದೇನೆ’ ಎನ್ನುತ್ತದೆ, ಜಗಳ ಹೊಟ್ಟೆಯಲ್ಲಿ ನಡೆಯುತ್ತದೆ. ಆದ್ದರಿಂದ ದೃಶ್ಯ ತಾನಾಗಿ ಚಲಿಸಬಾರದು. ಕುರ್ಚಿಗೆ ಚಕ್ರ ಇರಬಾರದು. ಮೂರ್ಛೆರೋಗ ಇದೆಯೇ ಎಂದು ಮೊದಲೇ ಕೇಳಬೇಕು.

ಹಾಕಿಕೊಂಡವರು ನೋಡುತ್ತಿರುವುದು ಪಕ್ಕದವರ ಟ್ಯಾಬ್ಲೆಟ್ಟಿನಲ್ಲೂ ಕಾಣಬೇಕು. ಇಲ್ಲದಿದ್ದರೆ ಪೀರ್ ಬೆಂಬಲಿಗರು ಕತ್ತಲಲ್ಲಿ ಕೂತಂತೆ: ಸಂತೆಯ ಜನ ಕಂಡು ಎದೆ ಹೊಡೆದುಕೊಳ್ಳುತ್ತಿದೆಯೋ, ಯಂತ್ರ ಕೆಟ್ಟಿದೆಯೋ ತಿಳಿಯದು. ಆಸ್ಪತ್ರೆಯ ವೈಫೈ ಒಂದು ಯಂತ್ರ ಇನ್ನೊಂದನ್ನು ನೋಡದಂತೆ ತಡೆದಿರುತ್ತದೆ. ಆ ಕೋಣೆಗೆ ಒಂದು ಪ್ರತ್ಯೇಕ ರೂಟರ್ ಬೇಕು. ದೃಶ್ಯಗಳು ಮೊದಲೇ ಡೌನ್‌ಲೋಡ್ ಆಗಿರಲಿ. ಬ್ಯಾಟರಿ ಸುಮಾರು ಎರಡು ಗಂಟೆ ಬರುತ್ತದೆ, ಹಾಗಾಗಿ ಕೋಣೆಗೆ ಎರಡು ಹೆಡ್‌ಸೆಟ್. ಹಿಮಾಲಯ, ಸಮುದ್ರತೀರ ಯಾಕೆ? ಬಸ್ ನಿಲ್ದಾಣ, ಸೋಮವಾರದ ಸಂತೆ, ರೇಷನ್ ಅಂಗಡಿಯ ಸಾಲು ತೋರಿಸಿ. ಧ್ವನಿಯೂ ಆಯಾ ಕಡೆಯ ಕನ್ನಡದಲ್ಲಿರಲಿ. ಬೀದರಿನವರಿಗೆ ವಾರ್ತಾವಾಚಕರ ಕನ್ನಡದಲ್ಲಿ ಸಮಾಧಾನ ಹೇಳಬೇಡಿ.

45 ನಿಮಿಷದ ಭೇಟಿಯಲ್ಲಿ ಹೆಡ್‌ಸೆಟ್ ತಲೆಯ ಮೇಲಿರುವುದು ಹತ್ತು ನಿಮಿಷ, ಮೊದಲ ಸಲ ಐದು. ಉಳಿದದ್ದೆಲ್ಲ ಮಾತು. ನಿಜವಾದ ಸಂತೆಗೆ ಯಾವ ದಿನ, ಎಷ್ಟು ಗಂಟೆಗೆ, ಯಾರ ಜೊತೆ ಎಂದು ಚೀಟಿಯಲ್ಲಿ ಬರೆದುಕೊಂಡೇ ಏಳಬೇಕು. ಮುಂದಿನ ವಾರ ‘ಹೋಗಲಿಲ್ಲ’ ಎಂದರೆ ಗದರದೆ, ‘ನನಗೂ ಹಾಗೇ ಆಗಿತ್ತು, ಅರ್ಧ ದಾರಿಗೆ ಹೋಗೋಣ’ ಎನ್ನಬಲ್ಲ ಮನುಷ್ಯ ಬೇಕು. ಅದು ಟೆಂಡರಿನಲ್ಲಿ ಸಿಗುವ ಸಾಮಾನಲ್ಲ.

ಖಿನ್ನತೆ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆಗೆ, ಸಾಯುವ ಯೋಚನೆಯ ಪ್ರಶ್ನೆಗೆ, ಸೊನ್ನೆಗಿಂತ ಹೆಚ್ಚು ಅಂಕ ಬಂದರೆ ಅವತ್ತು ಹೆಡ್‌ಸೆಟ್ ಮುಟ್ಟಬಾರದು. ಅಂದೇ ಮನೋವೈದ್ಯರು ನೋಡಬೇಕು, ಅಲ್ಲಿಯವರೆಗೆ ಒಂಟಿಯಾಗಿ ಬಿಡಬಾರದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಕೈಗೆ ಬರೆದುಕೊಡಬೇಕು. ಇದನ್ನೆಲ್ಲ ಕೂತು ಕೇಳುವ ಪೀರ್ ಬೆಂಬಲಿಗರೂ ಮನುಷ್ಯರೇ. ದಿನಕ್ಕೆ ಮೂರು ಭೇಟಿಗಿಂತ ಹೆಚ್ಚು ಹೇರಿದರೆ ಅವರೇ ಮತ್ತೆ ಹಾಸಿಗೆ ಹಿಡಿಯುತ್ತಾರೆ. ಖಿನ್ನತೆ ಮರುಕಳಿಸಿದರೆ ರಜೆ ಬೇಕು. ಸಂಬಳವೇ ಇಲ್ಲದವರಿಗೆ ರಜೆ ಎಲ್ಲಿಂದ?

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ್ದು ನಮ್ಮ ನಿಮ್ಹಾನ್ಸ್. ಸಾಮಾನ್ಯ ಮಾನಸಿಕ ಕಾಯಿಲೆಗಳಿರುವವರಲ್ಲಿ ಸುಮಾರು 85% ಜನ ಚಿಕಿತ್ಸೆಯ ಹೊರಗೇ ಇದ್ದಾರೆ ಎಂದದ್ದು ಅದೇ ಸಮೀಕ್ಷೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶವೇ ಮಾದರಿಯಾಗಿ ಹಿಡಿದದ್ದು ನಮ್ಮ ಬಳ್ಳಾರಿಯನ್ನು. ಅಂಥ ರಾಜ್ಯದಲ್ಲಿ ಇದನ್ನು ಐದು ಸಲ ಬೇಡಬೇಕೆ?

ಪ್ರತಿ ತಾಲ್ಲೂಕು ಆಸ್ಪತ್ರೆಗೆ ಇಬ್ಬರು ಪೀರ್ ಬೆಂಬಲಿಗರು. ತಿಂಗಳ ಸಂಬಳ. ವಾರಕ್ಕೊಮ್ಮೆ ಮನೋವೈದ್ಯರ ಮೇಲ್ವಿಚಾರಣೆ. ಆ ಮೆಮೊ ವಾಪಸ್. ಹೆಡ್‌ಸೆಟ್ ಇದೆಲ್ಲ ಆದ ಮೇಲೆ. ಮೊದಲು ನೇಮಿಸಿ, ಆಮೇಲೆ ಕೊಳ್ಳಿ.

ಇಂತಿ,
ಸಂಬಳವಿಲ್ಲದ ಪೀರ್ ಬೆಂಬಲಿಗರು

ವಿ.ಸೂ.: ಅಲ್ಮೇರಾದಲ್ಲಿರುವ ಎರಡು ಹೆಡ್‌ಸೆಟ್‌ಗಳನ್ನು ಆಗಾಗ ಚಾರ್ಜಿಗೆ ಹಾಕಲು ಹೇಳಿ. ಬ್ಯಾಟರಿ ಪೂರ್ತಿ ಬರಿದಾಗಿ ತಿಂಗಳುಗಟ್ಟಲೆ ಬಿದ್ದರೆ ಅವೂ ಏಳುವುದಿಲ್ಲ. ಕೀಲಿ ಸ್ಟೋರ್‌ಕೀಪರ್ ಬಳಿ ಇದೆ.