ಐಎಸ್‌ಎಸ್‌ಎನ್ ಇದ್ದ ಮಾತ್ರಕ್ಕೆ ಜರ್ನಲ್ ಒಳ್ಳೇದಾಗಲ್ಲ

ಸಂಪಾದಕರೇ,

ಸಂಶೋಧನಾ ಜರ್ನಲ್‌ಗೆ ಪೇಪರ್ ಕಳಿಸೋಕೆ ಮುಂಚೆ ಪಿಎಚ್‌ಡಿ ಹುಡುಗ್ರು ನನ್ನ ಕೇಳೋದು ಒಂದೇ, 'ಮೇಡಂ, ಐಎಸ್‌ಎಸ್‌ಎನ್ ಇದೆ, ಇಂಪ್ಯಾಕ್ಟ್ ಫ್ಯಾಕ್ಟರೂ ಇದೆ, ಕಳಿಸ್ಲಾ?' ಐಎಸ್‌ಎಸ್‌ಎನ್ ಅನ್ನೋದು ಪತ್ರಿಕೆ ಗುರುತಿಗೆ ಕೊಡೋ ನಂಬರ್ ಅಷ್ಟೇ ಕಣ್ರೀ, ಒಳಗಿರೋ ಸರಕು ನೋಡಿ ಯಾರೂ ಕೊಟ್ಟಿರಲ್ಲ. ಅಸಲಿ ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಪೇಪರ್‌ಗಳನ್ನ ಬೇರೆಯವ್ರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನೋ ಅಂಕಿ) ಲೆಕ್ಕ ಹಾಕೋದು ಕ್ಲಾರಿವೇಟ್ ಸಂಸ್ಥೆ, ದುಡ್ಡು ತಗೊಂಡು ಏನು ಬೇಕಾದ್ರೂ ಛಾಪಿಸೋ ಮೋಸದ ಜರ್ನಲ್‌ನವ್ರು ಅದೇ ಹೆಸರಿನ ಮುಂದೆ ಒಂದು ಬಾಲ ಸೇರಿಸಿ ಎಲ್ಲಿಂದಲೋ ತಂದ ನಂಬರ್ ಹೋಮ್‌ಪೇಜಲ್ಲಿ ಹಾಕ್ಕೊಂಡಿರ್ತಾರೆ.

ನಾನೂ ಒಮ್ಮೆ ಬಿದ್ದೋಳೇ. 'ಡಿಯರ್ ಎಮಿನೆಂಟ್ ಸ್ಕಾಲರ್' ಅಂತ ಮೇಲ್ ಬಂತು, ಆಗಿನ್ನೂ ಒಂದು ಪೇಪರೂ ಬರೆದಿರ್ಲಿಲ್ಲ, ಆದ್ರೂ ಖುಷಿ ಆಯ್ತು, ಸುಳ್ಳ್ಯಾಕೆ ಹೇಳ್ಲಿ. ನಾಲ್ಕೇ ದಿನಕ್ಕೆ ಅಕ್ಸೆಪ್ಟ್ ಆಯ್ತು, ರಿವ್ಯೂ (ಬೇರೆ ತಜ್ಞರು ಓದಿ ಕೊಡೋ ಅಭಿಪ್ರಾಯ) ಅಂತ ಬಂದಿದ್ದು ಎರಡು ಸಾಲು. ಎರಡನೇ ಟೇಬಲ್‌ನಲ್ಲಿ ಪರ್ಸೆಂಟೇಜ್ ಕೂಡಿದ್ರೆ 112 ಆಗ್ತಿತ್ತು, ಅದನ್ನ ಆಮೇಲೆ ನಾನೇ ಕಂಡು ಹಿಡಿದಿದ್ದು, ಅವ್ರು ಓದಿದ್ರೆ ತಾನೇ ಕಾಣ್ಸೋದು. ಪೇಪರ್ ವಾಪಸ್ ಕೊಡಿ ಅಂದ್ರೆ ಅದಕ್ಕೂ ಫೀಸ್ ಕೇಳಿದ್ರು. ನಾನು ಕೊಡ್ಲಿಲ್ಲ, ಅದು ಇವತ್ತಿಗೂ ಅವ್ರ ಸೈಟಲ್ಲೇ ನೇತಾಡ್ತಿದೆ, ಒಮ್ಮೆ ಅಚ್ಚಾದ್ದನ್ನ ಬೇರೆ ಕಡೆ ಕಳಿಸೋ ಹಾಗೂ ಇಲ್ಲ.

ಹಾಗಂತ ಒಳ್ಳೇ ಜರ್ನಲ್, ಕೆಟ್ಟ ಜರ್ನಲ್ ಅಂತ ಮಾಡಿಟ್ಟಿರೋ ಪಟ್ಟಿ ನೋಡಿದ್ರೆ ಸಾಕಾ? 2017ರಲ್ಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ಬಂದಿತ್ತು, ಪೋಲೆಂಡಿನ ಸಂಶೋಧಕರು ಅನ್ನಾ ಓ. ಶುಸ್ತ್ ಅನ್ನೋ ಇಲ್ಲದ ಹೆಂಗಸನ್ನ ಹುಟ್ಟಿಸಿ (ಪೋಲಿಷ್‌ನಲ್ಲಿ 'ಒಶುಸ್ತ್' ಅಂದ್ರೆ ಮೋಸಗಾರ) ಎಡಿಟರ್ ಮಾಡ್ಕೊಳ್ಳಿ ಅಂತ 360 ಜರ್ನಲ್‌ಗಳಿಗೆ ಅರ್ಜಿ ಹಾಕಿಸಿದ್ರು, 48 ಜರ್ನಲ್ ಒಪ್ಕೊಂಡ್ವು. ಅದ್ರಲ್ಲಿ 40 ಮೊದಲೇ ಕಪ್ಪುಪಟ್ಟಿಯಲ್ಲಿದ್ವು ಬಿಡಿ, ಆದ್ರೆ 8 ಜರ್ನಲ್ ಡಿಒಎಜೆ ಅನ್ನೋ, ಯಾರು ಬೇಕಾದ್ರೂ ಉಚಿತವಾಗಿ ಓದಬಹುದಾದ ಜರ್ನಲ್‌ಗಳ ಒಳ್ಳೇ ಪಟ್ಟಿಯಲ್ಲಿದ್ದಂಥವು.

ಅದಕ್ಕೇ ನಾನು ಹೇಳೋದು, ಹಿಂದಿನ ಎರಡು ಸಂಚಿಕೆ ಇಳಿಸ್ಕೊಂಡು ಕೂತು ಓದಿ. ಹಲ್ಲಿನ ಡಾಕ್ಟ್ರ ಪೇಪರ್ ಪಕ್ಕದಲ್ಲೇ ಸೇತುವೆ ಡಿಸೈನ್ ಇದ್ರೆ ಅಲ್ಲೇ ಗೊತ್ತಾಗುತ್ತೆ, ಪ್ರತಿ ಪೇಪರ್‌ಗೂ ಬಂದ ದಿನ ಮತ್ತೆ ಒಪ್ಪಿದ ದಿನದ ಮಧ್ಯೆ ವಾರಾನೂ ಇಲ್ಲ ಅಂದ್ರೂ ಅಷ್ಟೇ. ಇನ್ನು ಒಳ್ಳೇ ಜರ್ನಲ್‌ಗಳ ನಕಲಿ ಸೈಟೂ ಇರ್ತವೆ, ವಿಳಾಸ ಸರಿಯಾಗಿ ನೋಡ್ಕೊಳ್ಳಿ. ಹಾಗೇ ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲದ ಸಣ್ಣ ಜರ್ನಲ್ ಎಲ್ಲಾ ಕೆಟ್ಟದು ಅಂತ್ಲೂ ಅಲ್ಲ, ನನಗೆ ಸಿಕ್ಕಿದ ಅತಿ ಕಟುವಾದ, ಅತಿ ಉಪಯೋಗದ ರಿವ್ಯೂ ಬಂದಿದ್ದು ಅಂಥದೊಂದರಿಂದಲೇ.

ಎಡಿಟೋರಿಯಲ್ ಬೋರ್ಡಲ್ಲಿರೋ ಒಬ್ರಿಗೆ ಮೇಲ್ ಹಾಕಿ ಕೇಳಿ ಅಂತಾನೂ ಹೇಳ್ತಿರ್ತೀನಿ. ಮೊನ್ನೆ ಒಬ್ಬ ಹುಡುಗಿ ಕೇಳಿದ್ಲು, ಆ ಪ್ರೊಫೆಸರ್ ಸಂಜೆಯೊಳಗೆ ಉತ್ತರ ಕೊಟ್ರಂತೆ, 'ನನ್ನ ಹೆಸರು ತೆಗೀರಿ ಅಂತ ಎರಡು ವರ್ಷದಿಂದ ನಾನೇ ಅವ್ರಿಗೆ ಬರೀತಾ ಇದ್ದೀನಮ್ಮ' ಅಂತ.

– ಒಬ್ಬ ಅಧ್ಯಾಪಕಿ