ಶಿಖರವಿಲ್ಲದ ಜ್ವಾಲಾಮುಖಿಯನ್ನು ಬಿಡಿಸಲು ನೆರವಾದವರಿಗೆ

ಪುಣೆಯ ಗುಡ್ಡದ ಉದ್ಯಾನದಲ್ಲಿ ಜ್ವಾಲಾಮುಖಿಯ ಚಿತ್ರಫಲಕಗಳು ಕೊನೆಗೂ ನಿಂತಿವೆ. ಬೆಳಗಿನ ನಡಿಗೆಗೆ ಬಂದವರು ನಿಂತು ಓದುತ್ತಾರೆ, ಮಕ್ಕಳು ಪಕ್ಕದ ಕರಿಬಂಡೆಯನ್ನು ತಡವಿ ನೋಡುತ್ತಾರೆ. ಫಲಕದ ಮೂಲೆಯಲ್ಲಿರುವುದು ನನ್ನೊಬ್ಬಳ ಹೆಸರು. ಉಳಿದವರ ಋಣವನ್ನು ಇಲ್ಲಿ ಹೇಳಿಕೊಳ್ಳಬೇಕು.

ಮೊದಲ ನಮಸ್ಕಾರ ಭೂವಿಜ್ಞಾನದ ನಮ್ಮ ಹಿರಿಯ ಗುರುಗಳಿಗೆ. ಜ್ವಾಲಾಮುಖಿ ಎಂದೊಡನೆ ಎಲ್ಲರ ಕಣ್ಣಿಗೂ ಬರುವುದು ಮೊನಚಾದ ಬೆಟ್ಟ, ತುದಿಯಲ್ಲಿ ಬೆಂಕಿ. ಫಲಕಗಳಿಗೆ ಹಣ ಕೊಟ್ಟವರೂ ಅದನ್ನೇ ಕೇಳಿದರು. ದಖ್ಖನ್ನಿನಲ್ಲಿ ನಡೆದದ್ದು ಬೇರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಉದ್ದುದ್ದಕ್ಕೆ ಬಿರಿದು, ಆ ಬಿರುಕುಗಳಿಂದ ಉಕ್ಕಿದ ಲಾವಾ ಪದರದ ಮೇಲೆ ಪದರವಾಗಿ ಹರಡಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲದ ಮೇಲೆ ಆ ಕಲ್ಲಿದೆ. ವಿಜಯಪುರ, ಕಲಬುರಗಿ ಕಡೆಯ ನಮ್ಮ ಎರೆಭೂಮಿ ಅದೇ ಕಲ್ಲು ಸವೆದು ಆದದ್ದು. ಸಭೆಯಲ್ಲಿ ಗುರುಗಳು ಐಸ್‌ಲ್ಯಾಂಡಿನ ಲಾಕಿಯ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ಅಲ್ಲಿ 1783ರಲ್ಲಿ ಸುಮಾರು 27 ಕಿಲೋಮೀಟರ್ ಉದ್ದಕ್ಕೆ ನೆಲ ಬಿರಿದು ಎಂಟು ತಿಂಗಳು ಲಾವಾ ಹರಿದಿತ್ತು. "ಇಷ್ಟುದ್ದದ ಬಿರುಕಿಗೆ ಶಿಖರವನ್ನು ಎಲ್ಲಿ ಕೂರಿಸುತ್ತೀರಿ?" ಎಂದು ಕೇಳಿದರು. ಅಲ್ಲಿಗೆ ಬೆಟ್ಟದ ಮಾತು ನಿಂತಿತು.

ಬಣ್ಣದ ವಿಷಯದಲ್ಲೂ ಅವರು ಪಟ್ಟು ಬಿಡಲಿಲ್ಲ. ದಖ್ಖನ್ನಿನ ಈ ಕರಿಗಲ್ಲಿಗೆ ಬಸಾಲ್ಟ್ ಎಂದು ಹೆಸರು. ಬಸಾಲ್ಟ್ ಲಾವಾ ಹೊರಬರುವಾಗ ಅದರ ಬಿಸಿ 1100ರಿಂದ 1200 ಡಿಗ್ರಿ ಸೆಲ್ಸಿಯಸ್. ಆದರೂ ಗಾಳಿ ತಾಗಿದ ಮೇಲ್ಮೈ ಕಾಯಿಸಿದ ಹಾಲಿನ ಕೆನೆಯಂತೆ ಬೇಗ ಗಟ್ಟಿಯಾಗಿ ಕಪ್ಪಾಗುತ್ತದೆ, ಲಾವಾ ಅದರಡಿಯಲ್ಲಿ ಬಿಸಿ ಕಳೆದುಕೊಳ್ಳದೆ ದೂರದೂರಕ್ಕೆ ಹರಿಯುತ್ತದೆ. ಹಾಗಾಗಿ ದೊಡ್ಡ ಫಲಕದ ಬಹುಭಾಗ ಕಪ್ಪು. ಕೆಂಪು ಇರುವುದು ಬಿರುಕಿನ ಬಾಯಲ್ಲಿ, ಹರಿವಿನ ಅಂಚಿನಲ್ಲಿ ಮಾತ್ರ. ನನಗೆ ತುಂಬ ಮೆಚ್ಚುಗೆಯಾದ ಫಲಕವೂ ಅದೇ.

ವಾಘೋಲಿ ಕಡೆಯ ಕಲ್ಲುಗಣಿಯಲ್ಲಿ ದುಡಿಯುವ ಸಿಂದಗಿಯ ಮುತ್ಯಾ ಇಲ್ಲದಿದ್ದರೆ ಪದರಗಳ ಚಿತ್ರ ಪುಸ್ತಕದ ನಕಲಾಗಿರುತ್ತಿತ್ತು. ಅವರು ಸುತ್ತಿಗೆಯಿಂದ ಬಡಿದು, ಕಿವಿಯಿಂದಲೇ ಕಲ್ಲನ್ನು ಗುರುತಿಸುತ್ತಾರೆ. ಪದರದ ನಡುಭಾಗ ಗಟ್ಟಿ, ಅದರ ನಾದ ಖಣಖಣ. ಮೇಲ್ಭಾಗ ತೂತುತೂತು, ಅದರ ಸದ್ದು ಮಂಕು. ಲಾವಾದೊಳಗಿನ ಅನಿಲ ಗುಳ್ಳೆಗಳಾಗಿ ಮೇಲೇರಿ ಅಲ್ಲೇ ಸಿಕ್ಕಿಬಿದ್ದ ಗುರುತು ಅದು. ಆ ತೂತುಗಳಲ್ಲಿ ಬೆಳೆದ ಬಿಳಿಯ ಜಿಯೋಲೈಟ್ ಹರಳುಗಳನ್ನು, ವಾಘೋಲಿಗೆ ಜಗತ್ತಿನಲ್ಲೇ ಹೆಸರು ತಂದ ಕ್ಯಾವನ್ಸೈಟ್ ಎಂಬ ನೀಲಿ ಖನಿಜವನ್ನು ನನಗೆ ಮೊದಲು ತೋರಿಸಿದವರು ಅವರೇ. ಎರಡು ಕರಿಯ ಪದರಗಳ ನಡುವಿನ ಇಟ್ಟಿಗೆಗೆಂಪು ಪಟ್ಟಿಯ ಮೇಲೆ ಕೈಯಿಟ್ಟು, "ಇದು ಒಂದು ಕಾಲಕ್ಕೆ ಬಯಲು ನೆಲವಾಗಿತ್ತು, ತಂಗಿ" ಎಂದರು. ಸರಿಯಾಗಿಯೇ ಹೇಳಿದ್ದರು. ಒಂದು ಹರಿವು ತಣಿದು ಇನ್ನೊಂದು ಬರುವವರೆಗೆ ಆ ನೆಲ ಬಿಸಿಲು ಮಳೆಗೆ ಸವೆದು ಮಣ್ಣಾಗಿತ್ತು. ಅಂಥ ಬಿಡುವಿನ ಕಾಲಗಳಲ್ಲಿ ಕೆರೆಗಳೂ ಇದ್ದವು, ಮುಂಬಯಿಯ ವರ್ಲಿಯಲ್ಲಿ ಪುಟ್ಟ ಕಪ್ಪೆಗಳ ಪಳೆಯುಳಿಕೆಗಳು ಸಿಕ್ಕಿವೆ. ಬೆಂಕಿಯಿಲ್ಲದ ಆ ಕಾಲಕ್ಕೂ ಒಂದು ಫಲಕ ಬೇಕೆಂದು ನಾನು ಹಟ ಹಿಡಿದದ್ದು ಮುತ್ಯಾನ ಆ ಮಾತಿನ ಬಲದಿಂದ.

ಮಳೆಗಾಲದಲ್ಲಿ ಸ್ಕೂಟರ್ ಜಾರಿ ನನ್ನ ಬಲಗೈ ಮಣಿಕಟ್ಟು ಮುರಿಯಿತು. ಕೆಲಸ ಬೇರೆಯವರ ಪಾಲಾಗುತ್ತದೆಂಬ ಭಯದಲ್ಲಿ ನಿದ್ದೆ ಬರುತ್ತಿರಲಿಲ್ಲ. ನಮ್ಮ ಕಟ್ಟಡದಲ್ಲೇ ಇರುವ ಚಿತ್ರಕಲೆಯ ವಿದ್ಯಾರ್ಥಿನಿ ಸಂಜೆ ಸಂಜೆ ಬಂದು ನನ್ನ ಪೆನ್ಸಿಲ್ ಗೆರೆಗಳ ಮೇಲೆ ಶಾಯಿ ಎಳೆದಳು. ಅಂಧೇರಿಯ ಗಿಲ್ಬರ್ಟ್ ಹಿಲ್‌ನ ಕಂಬಗಲ್ಲುಗಳೆಲ್ಲ ಅವಳ ಕೈಯವು. ಸುಮಾರು 200 ಅಡಿಯ ಆ ಬಂಡೆ ಲಾವಾ ತಣಿದು ಕುಗ್ಗುವಾಗ ಸೀಳಿ ಕಂಬಕಂಬವಾಗಿದೆ. ಕಂಬಗಳನ್ನೆಲ್ಲ ಆರು ಮೂಲೆಯವಾಗಿ ಬರೆದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಇಂಥ ಕಂಬಗಳಲ್ಲಿ ಐದು ಮೂಲೆಯವೂ ಏಳು ಮೂಲೆಯವೂ ಇರುತ್ತವೆ. ಅವಳು ಫೋಟೊ ಇಟ್ಟುಕೊಂಡು ಒಂದೊಂದನ್ನೂ ನೋಡಿ ಬರೆದಳು. ಮುಂದಿನ ಕೆಲಸದಲ್ಲಿ ಅವಳ ಹೆಸರು ನನ್ನ ಹೆಸರಿನ ಪಕ್ಕದಲ್ಲೇ ಇರುತ್ತದೆ.

ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಹೋಟೆಲಿನ ಮೇಜುಗಳನ್ನು ನನ್ನ ಹಾಳೆಗಳಿಗೆ ಬಿಟ್ಟುಕೊಟ್ಟ ಮಲ್ಪೆಯ ಅಣ್ಣನಿಗೂ ವಂದನೆ. ತಮ್ಮೂರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಬರಬೇಕೆಂದು ಅವರ ಆಸೆ. ಅವು ಇನ್ನೂ ಹಳೆಯವು, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದವು, ಬೇರೆಯೇ ಲಾವಾ. ಉದ್ಯಾನದವರು ಒಪ್ಪಿ, ಒಂದು ಮೂಲೆಯಲ್ಲಿ ಜಾಗ ಕೊಟ್ಟರು. ಮುದ್ರಣಾಲಯದ ಗೆಳೆಯರು ಬಣ್ಣದ ಮಾದರಿಗಳನ್ನು ಬೇಸಿಗೆಯಿಡೀ ಮಾಳಿಗೆಯ ಮೇಲೆ ಒಣಹಾಕಿ, ಮಾಸದ ಕೆಂಪನ್ನು ಆರಿಸಿಕೊಟ್ಟರು.

ಫಲಕಗಳು ಮರಾಠಿ ಮತ್ತು ಇಂಗ್ಲಿಷಿನಲ್ಲಿವೆ. ಕನ್ನಡ ಶಾಲೆಯ ಮಕ್ಕಳಿಗಾಗಿ ಬೇರೆ ಕೈಪತ್ರಿಕೆ ಸಿದ್ಧವಾಗಿದೆ, ಅದನ್ನು ತಿದ್ದಿದವರು ನಮ್ಮ ಸಂಘದ ನಿವೃತ್ತ ಶಿಕ್ಷಕಿ ಅಕ್ಕ. ದೀಪಾವಳಿಯ ರಜೆ ಮುಗಿದ ಮೇಲೆ ಮಕ್ಕಳು ಬರುತ್ತಾರೆ. ಮುತ್ಯಾ ಅಂದು ಒಂದು ದಿನದ ರಜೆ ಪಡೆದು ಸುತ್ತಿಗೆಯೊಂದಿಗೆ ಬರಲು ಒಪ್ಪಿದ್ದಾರೆ.